ಕಂಟ್ರೋಲರ್ ಕೊಳ್ಳುವ ಮುನ್ನ ಕೇಬಲ್ ಅಲ್ಲಾಡಿಸಿ

ಬೆಂಗಳೂರಿನ ಬಳೇಪೇಟೆಯ ಅಂಗಡಿಯಲ್ಲಿ ಮೃದಂಗ ಕೊಳ್ಳುವವರು ನಾದ ಕೇಳಿ ನೋಡಿದ ಮೇಲೆ ಇನ್ನೊಂದು ಮಾತು ಕೇಳದೆ ದುಡ್ಡು ತೆಗೆಯುವುದಿಲ್ಲ: ಮುಚ್ಚಿಗೆ ಹೋದ್ರೆ ಹಾಕಿಕೊಡ್ತೀರಾ, ಎಷ್ಟು ದಿನ ಬೇಕು? ಕಛೇರಿಗೆ ಮುಂಚೆ ಎಡಗಡೆಗೆ ರವೆ ಕಲಸಿ ಮೆತ್ತಬೇಕು, ಮುಗಿದ ಮೇಲೆ ಕೆರೆದು ತೆಗೆಯಬೇಕು, ಬಲಗಡೆಯ ಕರಣೆ ಉದುರತೊಡಗಿದರೆ ಮತ್ತೆ ಇದೇ ಬೀದಿಗೆ ಹೊತ್ತು ತರಬೇಕು. ವಾದ್ಯ ಅಂದಮೇಲೆ ಕೆಡುತ್ತದೆ, ಕೆಟ್ಟಾಗ ಕೈಹಿಡಿಯುವವರು ಹತ್ತಿರದಲ್ಲಿರಬೇಕು. ಇಷ್ಟು ತಿಳಿವಳಿಕೆ ಇಲ್ಲಿನ ಗಿರಾಕಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾರ್ಮೋನಿಯಂ ಆದರೂ ಅಷ್ಟೆ, ವೀಣೆ ಆದರೂ ಅಷ್ಟೆ.

ಡಿಜೆ ಕಂಟ್ರೋಲರ್ ಕೊಳ್ಳಲು ಹೊರಟವರ ಬಾಯಲ್ಲಿ ಮಾತ್ರ ಈ ಪ್ರಶ್ನೆ ಬರುವುದು ಅಪರೂಪ. ಪ್ಯಾಡ್ ಎಷ್ಟು, ಚಾನೆಲ್ ಎರಡಾ ನಾಲ್ಕಾ, ಹಾಡಿನೊಳಗಿಂದ ಗಾಯಕರ ದನಿ ಬೇರೆ ಮಾಡುವ ಸ್ಟೆಮ್ಸ್ ಗುಂಡಿ ಇದೆಯಾ, ಹಾಡನ್ನು ಕೈಯಿಂದ ತಿರುಗಿಸುವ ಜಾಗ್ ವೀಲ್ ನಡುವೆ ಪರದೆ ಇದೆಯಾ. ವಿಚಾರಣೆಯೆಲ್ಲ ಇದೇ. ನನ್ನನ್ನು ಕೇಳಿದರೆ, ಲೈವ್ ಕಾರ್ಯಕ್ರಮಕ್ಕೆ ಯಂತ್ರ ಆರಿಸುವವರು ಅದು ಏನೇನು ಮಾಡುತ್ತದೆ ಅನ್ನುವುದನ್ನು ಆಮೇಲೆ ನೋಡಿಕೊಳ್ಳಲಿ. ಅದು ಹೇಗೆ ಕೈಕೊಡುತ್ತದೆ, ಕೈಕೊಟ್ಟ ಮೇಲಿನ ಐದು ನಿಮಿಷ ಸಭೆಯಲ್ಲಿ ಏನಾಗುತ್ತದೆ, ಮಾರನೆಯ ದಿನ ಅದನ್ನು ಬಿಚ್ಚಿ ನೋಡುವವರು ಊರಲ್ಲಿ ಯಾರಿದ್ದಾರೆ ಅನ್ನುವುದನ್ನು ಮೊದಲು ನೋಡಲಿ.

ಇಂದಿರಾನಗರದ ಕಡೆಯ ಪಬ್ಬಿನಲ್ಲಿ ನುಡಿಸುವವರಿಗೆ ಈ ಚಿಂತೆ ಅಷ್ಟಿಲ್ಲ. ದೊಡ್ಡ ಪಬ್ಬು, ಕ್ಲಬ್ಬುಗಳಲ್ಲಿ ಸಿಡಿಜೆ ಪ್ಲೇಯರುಗಳು, ಮಿಕ್ಸರು ಅಲ್ಲೇ ಕೂತಿರುತ್ತವೆ. ಡಿಜೆ ಜೇಬಿನಲ್ಲಿ ಪೆನ್‌ಡ್ರೈವ್, ಕುತ್ತಿಗೆಯಲ್ಲಿ ಹೆಡ್‌ಫೋನ್ ಇದ್ದರೆ ಆಯಿತು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಕೆಲಸ ಬೇರೆ ಬಗೆಯದು. ಆರತಕ್ಷತೆ, ಸಂಗೀತ್, ಅರಿಸಿನದ ಕಾರ್ಯಕ್ರಮ, ಅಪಾರ್ಟ್‌ಮೆಂಟಿನ ಗಣೇಶ, ಕಾಲೇಜ್ ಡೇ, ನವೆಂಬರ್ ಪೂರ್ತಿ ನಡೆಯುವ ರಾಜ್ಯೋತ್ಸವ. ಛತ್ರದಲ್ಲಿ ಏನೂ ಇರುವುದಿಲ್ಲ. ಎಲ್ಲವನ್ನೂ ಹೊತ್ತು ತಂದು, ವೇದಿಕೆಯ ಪಕ್ಕ ಬಟ್ಟೆ ಹೊದಿಸಿದ ಊಟದ ಮೇಜಿನ ಮೇಲೆ ಹರಡಬೇಕು. ಹೂವಿನ ಅಲಂಕಾರದವರ ಸೀರಿಯಲ್ ಲೈಟು, ವಿಡಿಯೋದವರ ಫ್ಲಡ್‌ಲೈಟು, ಕಾಫಿ ಕೌಂಟರಿನ ಯಂತ್ರ ಎಲ್ಲ ಜೋತುಬಿದ್ದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲೇ ಒಂದು ತೂತು ಹುಡುಕಿಕೊಳ್ಳಬೇಕು. ನಂಬಿಕಸ್ಥ ಯಂತ್ರ ಯಾವುದು ಎಂದು ತೀರ್ಮಾನವಾಗುವುದು ಅಂಥ ಮೇಜಿನ ಮೇಲೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಕಂಟ್ರೋಲರಿನೊಳಗೆ ಹಾಡಿಲ್ಲ. ಹಾಡು, ಅದನ್ನು ನುಡಿಸುವ ತಂತ್ರಾಂಶ ಎರಡೂ ಲ್ಯಾಪ್‌ಟಾಪಿನಲ್ಲಿವೆ. ಕಂಟ್ರೋಲರ್ ನಿಮ್ಮ ಕೈಚಲನೆಯನ್ನು ಯುಎಸ್‌ಬಿ ಕೇಬಲಿನಲ್ಲಿ ಒಳಗೆ ಕಳಿಸುತ್ತದೆ. ಲ್ಯಾಪ್‌ಟಾಪು ಲೆಕ್ಕ ಹಾಕಿದ ಸದ್ದು ಅದೇ ಕೇಬಲಿನಲ್ಲಿ ವಾಪಸು ಬಂದು ಕಂಟ್ರೋಲರಿನ ಸೌಂಡ್ ಕಾರ್ಡಿನಿಂದ ಹೊರಬೀಳುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಒಂದೇ ದಾರಿ. ಆ ಕೇಬಲು ಎರಡು ಮಿಲಿಮೀಟರ್ ಸಡಿಲವಾದರೆ ಸಭೆ ನಿಶ್ಶಬ್ದ. ಲಕ್ಷ ರೂಪಾಯಿಯ ಯಂತ್ರ ಕೊಂಡವರೂ ಪೆಟ್ಟಿಗೆಯಲ್ಲಿ ಬಂದ ಕೇಬಲನ್ನೇ ವರ್ಷಗಟ್ಟಲೆ ಮಡಚಿ ಸುತ್ತಿ ಬಳಸುತ್ತಾರೆ.

ಈ ಜಾತಿಯ ಯಂತ್ರದ ವಯಸ್ಸು ದೊಡ್ಡದಲ್ಲ. ಡಿಜೆಗಳ ಕೈಯಲ್ಲಿ ಮೊದಲು ಇದ್ದದ್ದು ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್. ಟೆಕ್ನಿಕ್ಸ್ ಎಸ್‌ಎಲ್-1200 ಬಂದದ್ದು 1972ರಲ್ಲಿ, ಆ ಕಾಲದವು ಇವತ್ತಿಗೂ ತಿರುಗುತ್ತಿವೆ. 2001ರಲ್ಲಿ ಪಯೊನೀರ್‌ನ ಸಿಡಿಜೆ-1000 ಬಂತು, ಸಿಡಿಯನ್ನೂ ಕೈಯಲ್ಲಿ ಹಿಡಿದು ತಿರುಗಿಸುವ ಹಾಗಾಯಿತು. 2003ರಲ್ಲಿ ಹರ್ಕ್ಯುಲಿಸ್ ಕಂಪನಿ ಸೌಂಡ್ ಕಾರ್ಡನ್ನೂ ಗುಂಡಿಗಳನ್ನೂ ಒಂದೇ ಪೆಟ್ಟಿಗೆಗೆ ಸೇರಿಸಿದ ಮೇಲೆ ಲ್ಯಾಪ್‌ಟಾಪ್ ಡಿಜೆಗಳ ಕಾಲ ಶುರುವಾಯಿತು.

ಜಪಾನಿನ ವೆಸ್ಟಾಕ್ಸ್ ಕಂಪನಿಯ ಕಥೆಯನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು. 2007ರಲ್ಲಿ ಅದು ತಂದ ವಿಸಿಐ-100 ಎಂಬ ಲೋಹದ ಮೈಯ ಪುಟ್ಟ ಕಂಟ್ರೋಲರ್ ಜಗತ್ತಿನ ಡಿಜೆಗಳಿಗೆ ಅಚ್ಚುಮೆಚ್ಚಾಗಿತ್ತು. ಗಟ್ಟಿತನಕ್ಕೆ ವೆಸ್ಟಾಕ್ಸ್ ಅಂದರೆ ವೆಸ್ಟಾಕ್ಸ್. 2014ರ ಕೊನೆಗೆ ಕಂಪನಿ ದಿವಾಳಿಯಾಯಿತು. ಯಂತ್ರಗಳೇನೋ ಮೊದಲಿನ ಹಾಗೇ ಗಟ್ಟಿಯಾಗಿದ್ದವು; ಆದರೆ ಹೊಸ ವಿಂಡೋಸು, ಹೊಸ ಮ್ಯಾಕ್ ಬಂದ ಹಾಗೆಲ್ಲ ಅದಕ್ಕೆ ತಕ್ಕ ಡ್ರೈವರ್ ಬರೆದುಕೊಡುವವರು ಇಲ್ಲವಾದರು. ಒಂದು ಸ್ಕ್ರೂ ಕೂಡ ಸಡಿಲವಾಗದ ಯಂತ್ರಗಳು ಹಾಗೆ ಅಟ್ಟ ಸೇರಿದವು. ಮೃದಂಗಕ್ಕೆ ಈ ಗತಿ ಬರುವುದಿಲ್ಲ. ಅದಕ್ಕೇ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಇದಕ್ಕೆ ಪ್ರತ್ಯೇಕ ಡ್ರೈವರ್ ಬೇಕಾ, ಇಲ್ಲಾ ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ತಾನಾಗಿ ಗುರುತು ಹಿಡಿಯುತ್ತದಾ? ಎರಡನೆಯ ಬಗೆಯದು ಕಂಪನಿ ಇರಲಿ ಬಿಡಲಿ, ಹೆಚ್ಚು ಕಾಲ ಬಾಳುತ್ತದೆ.

ಕರೆಂಟು ಹೋದಾಗ

ಛತ್ರದಲ್ಲಿ ಕರೆಂಟು ಹೋಗಿ ಜನರೇಟರ್ ಹತ್ತುವುದಕ್ಕೆ ಕೆಲವು ಸೆಕೆಂಡು ಬೇಕು. ಆ ಕೆಲವು ಸೆಕೆಂಡಿನಲ್ಲಿ ಮೇಜಿನ ಮೇಲೆ ನಡೆಯುವುದನ್ನು ಬಿಡಿಸಿ ನೋಡೋಣ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅದಕ್ಕೇನೂ ಆಗುವುದಿಲ್ಲ. ಪಯೊನೀರ್‌ನ ಡಿಡಿಜೆ-400, ಅದರ ಜಾಗಕ್ಕೆ ಬಂದ ಎಫ್‌ಎಲ್‌ಎಕ್ಸ್4ರಂಥ ಸಣ್ಣ ಕಂಟ್ರೋಲರುಗಳು ಯುಎಸ್‌ಬಿಯಿಂದಲೇ ಶಕ್ತಿ ಹೀರುತ್ತವೆ; ಆದ್ದರಿಂದ ಅವೂ ಎಚ್ಚರವಾಗಿಯೇ ಇರುತ್ತವೆ. ಆಂಪ್ಲಿಫೈಯರು ಸತ್ತು ಮತ್ತೆ ಎದ್ದ ಕೂಡಲೇ ಹಾಡು ತನ್ನ ಪಾಡಿಗೆ ಮುಂದುವರಿದಿರುತ್ತದೆ. ಗೋಡೆಯ ಕರೆಂಟನ್ನೇ ನಂಬಿದ ದೊಡ್ಡ ಕಂಟ್ರೋಲರ್ ಹಾಗಲ್ಲ. ಅದು ಆರಿಹೋಗಿ, ಮತ್ತೆ ಎದ್ದು, ಲ್ಯಾಪ್‌ಟಾಪ್ ಅದನ್ನು ಮತ್ತೆ ಗುರುತಿಸಿ, ತಂತ್ರಾಂಶ ಮತ್ತೆ ಕೈಕುಲುಕಬೇಕು. ಲ್ಯಾಪ್‌ಟಾಪೇ ಬೇಡದ, ತಾನೇ ಕಂಪ್ಯೂಟರೂ ಆಗಿರುವ ಎಕ್ಸ್‌ಡಿಜೆ-ಆರ್‌ಎಕ್ಸ್3ರಂಥ ಯಂತ್ರವಾದರೆ ಇಡೀ ವ್ಯವಸ್ಥೆ ಮೊದಲಿನಿಂದ ಏಳಬೇಕು. ಅಷ್ಟರಲ್ಲಿ ಜನರೇಟರ್ ಹತ್ತಿರುತ್ತದೆ, ದೀಪ ಬಂದಿರುತ್ತದೆ, ಕುಣಿಯುತ್ತಿದ್ದವರೆಲ್ಲ ತಿರುಗಿ ಡಿಜೆಯ ಮುಖವನ್ನೇ ನೋಡುತ್ತಿರುತ್ತಾರೆ.

ದೊಡ್ಡ ಯಂತ್ರ ಬೇಡ ಎಂದಲ್ಲ. ಎಸ್‌.ಪಿ. ರಸ್ತೆಯಲ್ಲಿ ಸಿಗುವ, ಮನೆಯ ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಒಂದನ್ನು ಮೇಜಿನ ಕೆಳಗೆ ಇಟ್ಟು ಕಂಟ್ರೋಲರನ್ನೂ ಲ್ಯಾಪ್‌ಟಾಪನ್ನೂ ಅದಕ್ಕೆ ಸಿಕ್ಕಿಸಿದರೆ ತೊಂದರೆ ಮುಗಿಯಿತು. ಆಂಪ್ಲಿಫೈಯರನ್ನು ಮಾತ್ರ ಅದಕ್ಕೆ ತಗಲಿಸಬಾರದು, ಎಳೆಯುವ ಶಕ್ತಿ ಅದಕ್ಕಿಲ್ಲ. ಡೆನನ್ ಕಂಪನಿ 2020ರಲ್ಲಿ ಪ್ರೈಮ್ ಗೋ ಎಂಬ ಪುಟ್ಟ ಯಂತ್ರದೊಳಗೇ ಬ್ಯಾಟರಿ ಇಟ್ಟು ತಂದಿತು. ಅದನ್ನು ಮಾಡಿದವರ ತಲೆಯಲ್ಲಿ ಸಮುದ್ರತೀರದ ಪಾರ್ಟಿ ಇತ್ತೋ ಏನೋ. ನಮ್ಮ ಛತ್ರಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಕರೆಂಟು ಹೋಗುವುದಕ್ಕಿಂತ ಕೆಟ್ಟದ್ದು ಅದು ತಪ್ಪಾಗಿ ಬರುವುದು. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ತಂತಿ ಕಿತ್ತುಬಂದರೆ 230 ವೋಲ್ಟಿನ ಪ್ಲಗ್ಗಿನಲ್ಲಿ 400ರ ಹತ್ತಿರ ಬಂದರೂ ಬಂತು. ಬೀದಿಯಲ್ಲಿ ಶಾಮಿಯಾನ ಹಾಕಿ ಕಂಬದಿಂದ ತಂತಿ ಎಳೆದ ಕಡೆ ಇದು ಸುಮ್ಮನೆ ಹೆದರಿಸುವ ಮಾತಲ್ಲ. ಯಂತ್ರ ಹೊರತೆಗೆಯುವ ಮೊದಲು ಮಲ್ಟಿಮೀಟರಿನಲ್ಲಿ ಪ್ಲಗ್ ಪಾಯಿಂಟ್ ಅಳೆದು ನೋಡುವ ಡಿಜೆಯನ್ನು ಕಂಡರೆ ನನಗೆ ಗೌರವ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಬೇಗ ಹೇಳಿಬಿಡುತ್ತದೆ: ಲ್ಯಾಪ್‌ಟಾಪಿನ ಲೋಹದ ಮೈ ಸವರಿದರೆ ಬೆರಳು ಜುಮ್ಮೆನ್ನುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುವ ಹಮ್.

ಹಿಂಬದಿಯ ತೂತುಗಳು

ಯಂತ್ರದ ಮುಂಬದಿಗಿಂತ ಹಿಂಬದಿ ನೋಡಿ ಕೊಳ್ಳಬೇಕು ಎನ್ನುವುದು ಇಂಥ ಹಮ್ಮಿನ ಕಾಟಕ್ಕೇ. ಎಫ್‌ಎಲ್‌ಎಕ್ಸ್4ರ ಹಿಂದೆ ಕೆಂಪು-ಬಿಳಿಯ ಆರ್‌ಸಿಎ ಜೋಡಿ ಒಂದೇ. ಹಳೆಯ ಡಿವಿಡಿ ಪ್ಲೇಯರಿಗೆ ಇರುತ್ತಿದ್ದವಲ್ಲ, ಅವೇ. ಮನೆಯಲ್ಲಿ ಎರಡು ಮೀಟರ್ ಕೇಬಲಿಗೆ ಅದು ಸಾಕು. ಛತ್ರದಲ್ಲಿ ಡಿಜೆ ಮೇಜು ವೇದಿಕೆಯ ಒಂದು ಮೂಲೆಗೆ, ಸೌಂಡ್‌ನವರ ಮಿಕ್ಸರ್ ಸಭೆಯ ಇನ್ನೊಂದು ಕೊನೆಗೆ. ಅಷ್ಟು ದೂರ ಆರ್‌ಸಿಎ ತಂತಿ ಎಳೆದರೆ ಅದು ದಾರಿಯಲ್ಲಿ ಸಿಕ್ಕ ಸೀರಿಯಲ್ ಲೈಟಿನ ಗೊರಗೊರವನ್ನೆಲ್ಲ ಹೆಕ್ಕಿಕೊಂಡು ಹೋಗುತ್ತದೆ. ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ತಂತಿ ಒಂದೇ ಸದ್ದನ್ನು ನೇರವಾಗಿಯೂ ತಲೆಕೆಳಗಾಗಿಯೂ ಕಳಿಸಿ, ಆ ತುದಿಯಲ್ಲಿ ಎರಡರ ವ್ಯತ್ಯಾಸ ತೆಗೆಯುತ್ತದೆ. ದಾರಿಯಲ್ಲಿ ಎರಡಕ್ಕೂ ಸಮವಾಗಿ ಅಂಟಿದ ಕೊಳೆ ಕಳಚಿಬೀಳುತ್ತದೆ. 2018ರ ಡಿಡಿಜೆ-1000 ಮತ್ತು ಅದರ ಮೇಲಿನ ದರ್ಜೆಯವುಗಳಲ್ಲಿ ಎಕ್ಸ್‌ಎಲ್‌ಆರ್ ಇದೆ. ಅಷ್ಟು ಖರ್ಚು ಬೇಡವೆಂದರೆ ಸಣ್ಣ ಕಂಟ್ರೋಲರಿನ ಪಕ್ಕದಲ್ಲೇ ಸದ್ದನ್ನು ಬ್ಯಾಲೆನ್ಸ್ಡ್ ಮಾಡಿಕೊಡುವ ಒಂದು ಡಿಐ ಬಾಕ್ಸ್ ಇಟ್ಟು ಅಲ್ಲಿಂದ ಎಕ್ಸ್‌ಎಲ್‌ಆರ್ ಎಳೆದರಾಯಿತು. ಹೊಸ ಕಂಟ್ರೋಲರಿಗೆ ಎಣಿಸುವ ನೋಟಿನ ಕಂತೆಗೆ ಹೋಲಿಸಿದರೆ ಇದು ಚಿಲ್ಲರೆ.

ಮೈಕಿನ ಬಗ್ಗೆ ನನ್ನದು ಸ್ವಲ್ಪ ಹಟದ ನಿಲುವು. ನಮ್ಮ ಸಮಾರಂಭಗಳಲ್ಲಿ ಹಾಡಿಗಿಂತ ಮೈಕು ಮುಖ್ಯ. ಊಟದ ಪಂಕ್ತಿ ಶುರುವಾಯಿತು, ಗೇಟಿಗೆ ಅಡ್ಡ ನಿಲ್ಲಿಸಿದ ಬಿಳಿ ಕಾರು ತೆಗೀರಿ, ಹುಡುಗನ ಸೋದರಮಾವ ವೇದಿಕೆಗೆ ಬರಬೇಕು. ಕಂಟ್ರೋಲರಿನಲ್ಲೂ ಮೈಕ್ ತೂತು ಇರುತ್ತದೆ, ಅನುಕೂಲ ಎಂದು ಅದಕ್ಕೇ ಸಿಕ್ಕಿಸುತ್ತಾರೆ. ಬೇಡ. ಮೈಕು ನೇರವಾಗಿ ಸೌಂಡ್‌ನವರ ಮಿಕ್ಸರಿಗೇ ಹೋಗಲಿ. ಕಂಟ್ರೋಲರ್ ಕೆಟ್ಟು ನಿಂತರೂ ನಿರೂಪಕರ ದನಿ ಉಳಿದಿರಬೇಕು. ಅವರು ಎರಡು ಮಾತಾಡಿ, ಅಜ್ಜಿಯ ಕೈಗೆ ಮೈಕು ಕೊಟ್ಟು ಒಂದು ಸೋಬಾನೆ ಹೇಳಿಸಿಬಿಟ್ಟರೆ ಡಿಜೆಗೆ ಬೇಕಾದ ಐದು ನಿಮಿಷ ಸಿಕ್ಕಿತು. ಅದೇ ಮಿಕ್ಸರಿನ ಇನ್ನೊಂದು ಚಾನೆಲಿಗೆ ಫೋನಿನಿಂದ ಒಂದು ತಂತಿ ಸದಾ ಸಿಕ್ಕಿಸಿಟ್ಟು, ಫೋನಿನಲ್ಲಿ ಒಂದು ಗಂಟೆಯ ಹಾಡು ತುಂಬಿಟ್ಟಿರಬೇಕು. ಇಂಟರ್‌ನೆಟ್ಟಿನಿಂದ ಹಾಡು ಎಳೆಯುತ್ತೇನೆ ಎನ್ನುವವರು 2020ರ ಜುಲೈ ನೆನಪಿಟ್ಟುಕೊಂಡರೆ ಒಳ್ಳೆಯದು. ಆ ತಿಂಗಳು ಸ್ಪಾಟಿಫೈ ಡಿಜೆ ತಂತ್ರಾಂಶಗಳಿಂದ ಹೊರನಡೆಯಿತು. ಅದರ ಮೇಲೇ ಕಟ್ಟಿಕೊಂಡಿದ್ದ ಪಟ್ಟಿಗಳೆಲ್ಲ ಖಾಲಿ. ಛತ್ರದ ನೆಲಮಾಳಿಗೆಯಲ್ಲಿ ಫೋನಿನ ಸಿಗ್ನಲ್ ಎಷ್ಟು ಕಡ್ಡಿ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಲ್ಯಾಪ್‌ಟಾಪಿಗೂ ಪಥ್ಯ ಬೇಕು. ಸೌಂಡ್ ಕಾರ್ಡಿಗೆ ಸದ್ದನ್ನು ತುತ್ತು ತುತ್ತಾಗಿ ಕೊಡಲಾಗುತ್ತದೆ, ತುತ್ತಿನ ಗಾತ್ರಕ್ಕೆ ಬಫರ್ ಎಂದು ಹೆಸರು. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 128ರ ಬಫರ್ ಇಟ್ಟರೆ ಸುಮಾರು 3 ಮಿಲಿಸೆಕೆಂಡ್ ತಡ, 512 ಇಟ್ಟರೆ ಸುಮಾರು 12. ತಡ ಕಡಿಮೆಯಾದಷ್ಟೂ ಒಳ್ಳೆಯದೆಂದು ಹುಡುಗರು 128ಕ್ಕೆ ಇಳಿಸುತ್ತಾರೆ. ಹಳೆಯ ಲ್ಯಾಪ್‌ಟಾಪು ಅಷ್ಟು ಬೇಗ ತುತ್ತು ಕಲಸಲಾಗದೆ ಸದ್ದು ಪಟಪಟ ಒಡೆಯುತ್ತದೆ. 12 ಮಿಲಿಸೆಕೆಂಡಿನಲ್ಲಿ ಗಾಳಿಯಲ್ಲಿ ಸದ್ದು ಹೋಗುವುದು ನಾಲ್ಕು ಮೀಟರ್. ಸ್ಪೀಕರಿನಿಂದ ನಾಲ್ಕು ಮೀಟರ್ ಆಚೆ ನಿಂತವನಿಗೆ ಆಗುವ ತಡಕ್ಕೆ ಹೆದರಿ ಇಡೀ ಸಂಜೆಯನ್ನು ಪಣಕ್ಕಿಡುವುದು ಯಾಕೆ? ಸ್ಕ್ರ್ಯಾಚ್ ಮಾಡುವವರನ್ನು ಬಿಟ್ಟರೆ ಮಿಕ್ಕವರಿಗೆ 512 ಧಾರಾಳ.

ವಿದ್ಯುತ್ ಉಳಿಸಲೆಂದು ಕೆಲಸವಿಲ್ಲದ ಯುಎಸ್‌ಬಿ ಪೋರ್ಟನ್ನು ಮಲಗಿಸುವ ಅಭ್ಯಾಸ ವಿಂಡೋಸಿಗಿದೆ, ಅದನ್ನು ಸೆಟ್ಟಿಂಗಿನಲ್ಲಿ ತಪ್ಪಿಸಿಡಬೇಕು. ಗಿಗ್ ಇರುವ ವಾರದಲ್ಲಿ ಅಪ್‌ಡೇಟ್ ಎಂಬ ಗುಂಡಿಯ ಕಡೆ ಕೈ ಹೋಗಬಾರದು. 2019ರ ಅಕ್ಟೋಬರಿನಲ್ಲಿ ಆಪಲ್ ಕಂಪನಿ ಕ್ಯಾಟಲಿನಾ ಎಂಬ ಆವೃತ್ತಿ ಬಿಟ್ಟು ಐಟ್ಯೂನ್ಸನ್ನೇ ತೆಗೆದುಹಾಕಿದಾಗ, ವರ್ಷಗಟ್ಟಲೆ ಅದರಲ್ಲಿ ಹಾಡು ಜೋಡಿಸಿಟ್ಟುಕೊಂಡಿದ್ದ ಡಿಜೆಗಳು ಜಗತ್ತಿನ ತುಂಬ ತಲೆ ಮೇಲೆ ಕೈಹೊತ್ತು ಕೂತರು. ತಂತ್ರಾಂಶದ ಲೋಕ ಹೀಗೆ ನಮ್ಮನ್ನು ಕೇಳದೆ ಹೊರಳುತ್ತಿರುತ್ತದೆ. ಪಯೊನೀರ್ ಡಿಜೆ ಯಂತ್ರಗಳನ್ನು ಮಾಡುವ ಕಂಪನಿ 2020ರಲ್ಲಿ ಆಲ್ಫಾಥೀಟಾ ಎಂದು ಹೆಸರು ಬದಲಿಸಿಕೊಂಡಿತು, ಆಮೇಲೆ ಸೆರಾಟೋ ತಂತ್ರಾಂಶದ ಕಂಪನಿಯನ್ನೂ ಕೊಳ್ಳಲು ಹೊರಟಿತು. 2024ರಲ್ಲಿ ನ್ಯೂಜಿಲೆಂಡಿನ ವಾಣಿಜ್ಯ ಆಯೋಗ ಆ ವ್ಯಾಪಾರಕ್ಕೆ ಒಪ್ಪಲಿಲ್ಲ. ಒಂದಕ್ಕಿಂತ ಹೆಚ್ಚು ತಂತ್ರಾಂಶಗಳಿಗೆ ಒಗ್ಗುವ ಕಂಟ್ರೋಲರನ್ನೇ ನೋಡಿ ಎಂದು ತಿಳಿದವರು ಹೇಳುವುದರ ಹಿಂದೆ ಇಂಥ ಸುದ್ದಿಗಳಿವೆ. ಪೆಟ್ಟಿಗೆಯ ಮೇಲೆ ಸೆರಾಟೋ ಎಂದು ಬರೆದಿದ್ದರೆ ಅದು ಪೂರ್ತಿ ಆವೃತ್ತಿಯೋ ಬರೀ ಲೈಟ್ ಆವೃತ್ತಿಯೋ ಅನ್ನುವುದನ್ನೂ ಅಲ್ಲೇ ಕೇಳಿಬಿಡಿ. ಎಫ್‌ಎಲ್‌ಎಕ್ಸ್4ರ ಜೊತೆ ಬರುವುದು ಲೈಟ್. ಪ್ರೋ ಬೇಕಾದರೆ ಬೇರೆ ದುಡ್ಡು.

ಇನ್ನು ಸದ್ದಿನ ಪ್ರಮಾಣ. ಹಿಂದಿನ ಸಾಲಿನವರಿಗೂ ಕೇಳಲಿ ಎಂದು ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಯನ್ನು ಏಳು ಮಾಡಿಕೊಂಡವರು. ಅವರ ಹೆಸರಿನ ಪಿಟೀಲಿನಾಕಾರದ ಸಭಾಂಗಣ 1980ರಿಂದ ಮಲ್ಲೇಶ್ವರದ ಮಗ್ಗುಲಲ್ಲಿದೆ. ಈಗಿನ ಫಜೀತಿ ತದ್ವಿರುದ್ಧ, ಪಕ್ಕದ ಬೀದಿಗೆ ಕೇಳಿಸದಿರಲಿ ಎನ್ನುವುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬಹರಿದಿನಕ್ಕೆಂದು ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು, ಅಷ್ಟೆ. ಹಗಲಿನಲ್ಲೂ ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು ಅಲ್ಲಿನ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟುವಂತಿಲ್ಲ. ಕಂಟ್ರೋಲರ್ ಆರಿಸುವುದಕ್ಕೂ ಇದಕ್ಕೂ ನಂಟಿದೆ. ಮಾಸ್ಟರ್ ಮಟ್ಟ ತೋರಿಸುವ ದೀಪದ ಸಾಲು ದೊಡ್ಡದಾಗಿ, ಕಣ್ಣಿಗೆ ಕಾಣುವ ಕಡೆ ಇರುವ ಯಂತ್ರ ಕೊಳ್ಳಿ. ಕೆಂಪು ದೀಪ ಹತ್ತಿದ ಮೇಲೆ ಸದ್ದು ಜಾಸ್ತಿ ಆಗುವುದಿಲ್ಲ, ಹರಿದುಹೋಗುತ್ತದೆ. ಬಾಡಿಗೆ ಸ್ಪೀಕರಿನ ಟ್ವೀಟರ್ ಸುಟ್ಟರೆ ಅದರ ದುಡ್ಡೂ ಡಿಜೆಯದೇ.

ಅಂಗಡಿಯ ಕಟ್ಟೆಯ ಮೇಲೆ

ಯಂತ್ರ ಹೊಸದಿರಲಿ ಹಳೆಯದಿರಲಿ, ಕೊಳ್ಳುವಾಗ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ಯಿರಿ, ನಿಮ್ಮ ಹೆಡ್‌ಫೋನನ್ನೇ ಹಾಕಿಕೊಳ್ಳಿ. ಹಾಡೊಂದು ಓಡುತ್ತಿರಲಿ. ಮೊದಲು ಯುಎಸ್‌ಬಿ ಕೇಬಲನ್ನು ಹಿಡಿದು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಮೆಲ್ಲಗೆ ಅಲ್ಲಾಡಿಸಿ. ಒಮ್ಮೆ ಸದ್ದು ತಪ್ಪಿದರೂ ಆ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಚಾನೆಲ್ ಫೇಡರನ್ನು ಒಂದೇ ಸಮ, ನಿಧಾನಕ್ಕೆ ಕೆಳಗೆ ಎಳೆಯುತ್ತ ಕಿವಿಗೊಡಿ. ಸದ್ದು ಮೆಟ್ಟಿಲು ಇಳಿದಂತೆ ಧಡಕ್ಕೆಂದು ಬೀಳಬಾರದು, ಕರಕರ ಎನ್ನಬಾರದು, ತಳ ಮುಟ್ಟಿದ ಮೇಲೆ ಒಂದಿನಿತೂ ಸೋರಬಾರದು. ಅಡ್ಡ ಓಡುವ ಕ್ರಾಸ್‌ಫೇಡರ್ ಎಲ್ಲಕ್ಕಿಂತ ಮೊದಲು ಸವೆಯುವ ಭಾಗ, ಅದನ್ನು ಹತ್ತಾರು ಸಲ ಆಡಿಸಿ. ವೇಗ ಬದಲಿಸುವ ಪಿಚ್ ಫೇಡರನ್ನು ನಡುವಿಗೆ ತಂದು ನಿಲ್ಲಿಸಿದಾಗ ಪರದೆಯಲ್ಲಿ ಸೊನ್ನೆ ಕಾಣಬೇಕು. ಕ್ಯೂ ಗುಂಡಿಯನ್ನು ಬೇಗ ಬೇಗ ಒತ್ತಿ. ಒಮ್ಮೆ ಒತ್ತಿದ್ದಕ್ಕೆ ಎರಡು ಸಲ ಓಗೊಟ್ಟರೆ ಅದರ ಕಾಲ ಮುಗಿಯುತ್ತ ಬಂದಿದೆ. ಜಾಗ್ ವೀಲಿನ ಮೇಲ್ಮೈ ಬೆರಳಿನ ಸ್ಪರ್ಶವನ್ನು ವಿದ್ಯುತ್ತಿನಿಂದ ಅರಿಯುವಂಥದ್ದು. ಕೈಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಮುಟ್ಟಿ ನೋಡಿ, ಅಂಗಡಿಯವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಏಪ್ರಿಲ್ ತಿಂಗಳ ಮದುವೆಯಲ್ಲಿ ಕೈ ಬೆವರದೆ ಇರುವುದಿಲ್ಲ, ಅರಿಸಿನದ ಕಾರ್ಯಕ್ರಮದಲ್ಲಂತೂ ಬೆವರೊಂದೇ ಅಲ್ಲ.

ಯಾವುದು ಕೊಳ್ಳಲಿ ಎಂದು ನೇರವಾಗಿ ಕೇಳುವವರಿಗೆ: ತಿಂಗಳಿಗೆ ಒಂದೆರಡು ಕಾರ್ಯಕ್ರಮ ಹಿಡಿಯುವ ಹೊಸಬರಿಗೆ ಎಫ್‌ಎಲ್‌ಎಕ್ಸ್4ರ ದರ್ಜೆಯದು, ಜೊತೆಗೆ ಡಿಐ ಬಾಕ್ಸು, ಎರಡನೇ ಕೇಬಲು. ದೊಡ್ಡದಕ್ಕೆ ಸಾಲ ಮಾಡುವುದು ಬೇಡ. ವಾರ ವಾರ ಕೆಲಸವಿದ್ದು ದೊಡ್ಡ ಸಭೆಗಳಿಗೆ ಹೋಗುವವರು ಎಕ್ಸ್‌ಎಲ್‌ಆರ್ ಇರುವ ಲೋಹದ ಮೈಯದನ್ನು ನೋಡಬಹುದು. ಲ್ಯಾಪ್‌ಟಾಪನ್ನೇ ನಂಬದವರಿಗೆ ಆರ್‌ಎಕ್ಸ್3 ಅಥವಾ ಡೆನನ್ನಿನ ಪ್ರೈಮ್ ಸಾಲಿನವು, ಒಂದೇ ಹಾಡುಗಳಿರುವ ಎರಡು ಪೆನ್‌ಡ್ರೈವ್ ಸಮೇತ. ಪೆನ್‌ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಹಳೆಯ ಪ್ಲೇಯರುಗಳೂ ಓದುತ್ತವೆ. ನಾಲ್ಕು ಚಾನೆಲ್ ಬೇಕೇ ಬೇಕು ಎನ್ನುವವರು ಕಳೆದ ಕಾರ್ಯಕ್ರಮದಲ್ಲಿ ಮೂರನೆಯದನ್ನು ಎಷ್ಟು ಸಲ ಮುಟ್ಟಿದರು ಎಂದು ಒಮ್ಮೆ ಲೆಕ್ಕ ಹಾಕಲಿ.

ವಿದೇಶದಿಂದ ಬಂದವರ ಸೂಟ್‌ಕೇಸಿನಲ್ಲಿ ಅಗ್ಗಕ್ಕೆ ಬಂದ ಯಂತ್ರದ ಆಸೆ ದೊಡ್ಡದು. ಅದಕ್ಕೆ ಇಲ್ಲಿ ವಾರಂಟಿ ಸಿಗುವುದು ಕಷ್ಟ, ಬಿಡಿಭಾಗಕ್ಕೆ ಕಾಯುವುದು ಇನ್ನೂ ಕಷ್ಟ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಅದನ್ನು ಯಂತ್ರದ ತಳದ ನಂಬರಿನ ಜೊತೆ ತಾಳೆ ನೋಡಿ, ಫೇಡರ್ ಹೋದರೆ ಬಿಡಿಭಾಗ ಎಲ್ಲಿಂದ ತರಿಸುತ್ತೀರಿ, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿ. ಉತ್ತರ ತಡವರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ. ಮುಗಿಸಿಕೊಂಡು ಹೊರಟ ಮೇಲೆ ಮನೆಗೆ ಹೋಗುವ ಮುಂಚೆ ಎಸ್‌.ಪಿ. ರಸ್ತೆಗೆ ಹೊಕ್ಕು ಇನ್ನೊಂದು ಒಳ್ಳೆಯ ಯುಎಸ್‌ಬಿ ಕೇಬಲು, ಕಾಂಟ್ಯಾಕ್ಟ್ ಕ್ಲೀನರಿನ ಒಂದು ಡಬ್ಬಿ, ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. ಭಾನುವಾರ ಅಲ್ಲಿ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರವೇ ಹೋಗಿ.